ನೆವ ಮೊದಲು, ಕಳವು ಆಮೇಲೆ

ಪ್ರಶ್ನೆ: ನ್ಯಾಮತಿಯ ಬ್ಯಾಂಕಿನಲ್ಲಿ ಅಡವಿನ ಒಡವೆ ದೋಚಿದ್ದು, ಬ್ಯಾಂಕು ಸಾಲ ಕೊಡಲಿಲ್ಲ ಎಂಬ ಸಿಟ್ಟಿಗಂತೆ. ಪತ್ರಿಕೆಯಲ್ಲಿ ಓದಿದೆ. ನಮ್ಮ ಸುತ್ತಮುತ್ತಲೂ ಇದನ್ನೇ ನೋಡುತ್ತೇನೆ. ಭದ್ರಾ ನಾಲೆಗೆ ಅಕ್ರಮ ಪಂಪ್‌ಸೆಟ್ ಇಟ್ಟವರು, ಕೆರೆ ಅಂಗಳ ಒತ್ತಿದವರು, ಸಂಘದ ಹಣ ಕೈಗಡ ಮಾಡಿಕೊಂಡವರು, ಯಾರನ್ನು ಕೇಳಿದರೂ ಕಾರಣ ಸಿದ್ಧವಾಗಿರುತ್ತದೆ. ಅದನ್ನು ಅವರು ನಿಜವಾಗಿಯೂ ನಂಬಿದ್ದಾರೆ ಅನ್ನಿಸುತ್ತದೆ. ತಪ್ಪು ಮಾಡುವವರಿಗೆ ತಾವು ಮಾಡುತ್ತಿರುವುದು ತಪ್ಪು ಎಂದು ಗೊತ್ತಿರುವುದಿಲ್ಲವೇ? ಇಲ್ಲ, ಎಲ್ಲ ನಾಟಕವೇ?
— ಓದುಗರೊಬ್ಬರು, ಸಂತೇಬೆನ್ನೂರು, ಚನ್ನಗಿರಿ ತಾಲ್ಲೂಕು

ಉತ್ತರ: ನಾಟಕವಾಗಿದ್ದರೆ ಕೆಲಸ ಸುಲಭವಿತ್ತು. ನಾಟಕ ಆಡುವವನಿಗೆ ತಾನು ಬಣ್ಣ ಹಚ್ಚಿಕೊಂಡಿದ್ದೇನೆ ಎಂಬುದು ಗೊತ್ತಿರುತ್ತದೆ, ಒಂದಲ್ಲ ಒಂದು ಹೊತ್ತಿನಲ್ಲಿ ಸಿಕ್ಕಿಬೀಳುತ್ತಾನೆ. ನೀವು ನೋಡುತ್ತಿರುವ ಜನ ಹಾಗಲ್ಲ. ಅವರು ನಂಬಿಯೇ ಹೇಳುತ್ತಾರೆ. ನಿಮ್ಮ ಅನುಮಾನ ಸರಿಯಾಗಿದೆ.

‘ಕಳ್ಳನಿಗೊಂದು ಪಿಳ್ಳೆ ನೆವ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹೀಗೆ ಅರ್ಥ ಮಾಡಿಕೊಳ್ಳುತ್ತೇವೆ: ಮೊದಲು ಕಳ್ಳತನ, ಸಿಕ್ಕಿಬಿದ್ದ ಮೇಲೆ ನೆವ. ಮನಃಶಾಸ್ತ್ರಜ್ಞರೂ ಅಪರಾಧ ಅಧ್ಯಯನ ಮಾಡಿದವರೂ ಎಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿರುವುದು ಈ ಕ್ರಮ ತಿರುವುಮುರುವು ಎಂದು. ನೆವ ಮೊದಲು ಹುಟ್ಟುತ್ತದೆ. ನೆವ ಸಿಗದಿದ್ದರೆ ಎಷ್ಟೋ ಜನ ಕೈ ಹಾಕುವುದೇ ಇಲ್ಲ.

ನ್ಯಾಮತಿಯ ಪ್ರಕರಣವನ್ನೇ ತೆಗೆದುಕೊಳ್ಳಿ. 2024ರ ಅಕ್ಟೋಬರ್ ಕೊನೆಯಲ್ಲಿ, ವಾರಾಂತ್ಯದ ರಜೆ ಮುಗಿದು ಸ್ಟೇಟ್ ಬ್ಯಾಂಕ್ ಶಾಖೆಯ ಬಾಗಿಲು ತೆಗೆದಾಗ ಕಿಟಕಿಯ ಸರಳು ಕತ್ತರಿಸಿತ್ತು. ಸುಮಾರು 17.7 ಕೆ.ಜಿ. ಚಿನ್ನ ಹೋಗಿತ್ತು. ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು, ಪೊಲೀಸ್ ನಾಯಿಗೆ ದಾರಿ ಸಿಗದಿರಲೆಂದು ಖಾರದ ಪುಡಿ ಎರಚಿದ್ದರು. ಐದು ತಿಂಗಳ ಮೇಲೆ, 2025ರ ಮಾರ್ಚ್ ಕೊನೆಗೆ, ದಾವಣಗೆರೆ ಪೊಲೀಸರು ಆರು ಜನರನ್ನು ಬಂಧಿಸಿದ್ದಾಗಿ ಹೇಳಿದರು. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯೊಳಗೆ. ಪೊಲೀಸರ ಪ್ರಕಾರ ಮುಖ್ಯ ಆರೋಪಿ ಊರಿನಲ್ಲೇ ವ್ಯಾಪಾರ ಮಾಡಿಕೊಂಡಿದ್ದವರು. 2023ರಲ್ಲಿ 15 ಲಕ್ಷ ರೂಪಾಯಿ ಸಾಲ ಕೇಳಿದ್ದರು, ಬ್ಯಾಂಕು ಕೊಡಲಿಲ್ಲ. ಸಂಬಂಧಿಕರ ಹೆಸರಿನಲ್ಲಿ ಮತ್ತೆ ಕೇಳಿದರು, ಆಗಲೂ ಇಲ್ಲ. ಆಮೇಲೆ ಶುರುವಾದದ್ದು ‘ಮನಿ ಹೈಸ್ಟ್’ ಸರಣಿ, ಯೂಟ್ಯೂಬ್ ವಿಡಿಯೊ, ತಿಂಗಳುಗಟ್ಟಲೆ ತಯಾರಿ. ಇಷ್ಟೂ ಪೊಲೀಸರ ಮಾತು. ಸರಿತಪ್ಪು ತೀರ್ಮಾನಿಸಬೇಕಾದದ್ದು ನ್ಯಾಯಾಲಯ.

ಆ ಮಾತು ನಿಜವೆಂದೇ ಇಟ್ಟುಕೊಂಡರೆ, ಕಣ್ಣಿಗೆ ಬೀಳುವುದು ಸಿಟ್ಟಿಗೂ ಕಳವಿಗೂ ನಡುವಿನ ಅಂತರ. ಸಾಲ ನಿರಾಕರಿಸಿದ್ದು ಬ್ಯಾಂಕು. ಹೋದ ಚಿನ್ನ ಬ್ಯಾಂಕಿನದಲ್ಲ. ಅದು ಬಿತ್ತನೆ ಬೀಜಕ್ಕೆ, ಮಗಳ ಕಾಲೇಜು ಶುಲ್ಕಕ್ಕೆ, ಆಸ್ಪತ್ರೆ ಖರ್ಚಿಗೆ ಎಂದು ಸುತ್ತಲ ಹಳ್ಳಿಯವರು ಅಡವಿಟ್ಟಿದ್ದ ಬೋರಮಾಳ, ಅವಲಕ್ಕಿ ಸರ, ಬಳೆ. ಬ್ಯಾಂಕಿನ ಮೇಲಿನ ಕೋಪಕ್ಕೂ ಆ ಸರಗಳಿಗೂ ಏನು ಸಂಬಂಧ? ಯಾವ ಸಂಬಂಧವೂ ಇಲ್ಲ. ಆದರೆ ಎದುರಿಗೆ ‘ಬ್ಯಾಂಕು’ ಎಂಬ ಮುಖವಿಲ್ಲದ, ದೊಡ್ಡ, ದುಡ್ಡಿರುವ ಹೆಸರೊಂದು ನಿಂತರೆ ಅದರ ಹಿಂದಿನ ಜನ ಮರೆಯಾಗುತ್ತಾರೆ. ನೆವದ ಮೊದಲ ಕೆಲಸವೇ ಇದು, ನಷ್ಟ ಅನುಭವಿಸುವವನನ್ನು ಕಣ್ಣಿನಿಂದ ಮರೆಮಾಡುವುದು.

ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ಎಂಬ ಸಮಾಜವಿಜ್ಞಾನಿ ಸೆರೆಮನೆಗಳಿಗೆ ಹೋಗಿ, ನಂಬಿಕೆಯ ಕೆಲಸದಲ್ಲಿದ್ದು ಹಣ ನುಂಗಿದ 133 ಕೈದಿಗಳ ಜೊತೆ ಕೂತು ಮಾತಾಡಿದ. ಬ್ಯಾಂಕ್ ಗುಮಾಸ್ತರು, ಲೆಕ್ಕಿಗರು, ಚಿಕ್ಕ ವ್ಯಾಪಾರಿಗಳು. 1953ರಲ್ಲಿ ಪುಸ್ತಕ ಬಂತು. ಅವನಿಗೆ ಕುತೂಹಲ ಇದ್ದದ್ದು ಒಂದು ವಿಷಯದಲ್ಲಿ: ಇವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ನಿಯತ್ತಿನಿಂದ ದುಡಿದವರು, ಬೀಗದ ಕೈ ಮೊದಲಿನಿಂದಲೂ ಇವರ ಹತ್ತಿರವೇ ಇತ್ತು, ಹಾಗಿದ್ದರೆ ಆ ಒಂದು ದಿನ ಬದಲಾದದ್ದೇನು? ಅವನಿಗೆ ಸಿಕ್ಕ ಉತ್ತರದಲ್ಲಿ ಮೂರು ಎಳೆಗಳಿದ್ದವು. ಯಾರಿಗೂ ಹೇಳಿಕೊಳ್ಳಲಾಗದ ಒಂದು ಹಣದ ತೊಂದರೆ. ಅದನ್ನು ಗುಟ್ಟಾಗಿ ನೀಗಿಸಿಕೊಳ್ಳಲು ಕೈಗೆಟಕುವ ಅವಕಾಶ. ಮೂರನೆಯದು, ‘ನಾನು ಕಳ್ಳನಲ್ಲ’ ಎಂದು ಅನ್ನಿಸಿಕೊಂಡೇ ಹಣ ತೆಗೆಯಲು ಅನುವಾಗುವ ಒಂದು ವಾಕ್ಯ. ಆ ಮೂರನೆಯದು ದೊರೆಯುವವರೆಗೂ ಹಣ ಪೆಟ್ಟಿಗೆಯಲ್ಲೇ ಇತ್ತು. ಅತಿ ಹೆಚ್ಚು ಕೇಳಿಬಂದ ವಾಕ್ಯ ಯಾವುದು ಗೊತ್ತೇ? ‘ಸಾಲವಾಗಿ ತಗೊಂಡೆ, ಹಿಂದಕ್ಕೆ ಇಡುವವನಿದ್ದೆ.’

ಈ ವಾಕ್ಯ ಕನ್ನಡದಲ್ಲಿ ಇಲ್ಲವೇ? ಯಾವುದೇ ಊರಿನ ಹಾಲಿನ ಡೇರಿ, ಸ್ವಸಹಾಯ ಸಂಘ, ಜಾತ್ರೆ ಸಮಿತಿ, ಚೀಟಿ ಗುಂಪಿನ ಇತಿಹಾಸ ಕೆದಕಿ. ಕಾರ್ಯದರ್ಶಿ ಒಬ್ಬರಿರುತ್ತಾರೆ, ಒಳ್ಳೆಯ ಹೆಸರಿನವರು. ತಂಗಿ ಮದುವೆಗೆ ಹಣ ಕಡಿಮೆ ಬಿದ್ದಿದೆ, ಅದನ್ನು ಯಾರ ಮುಂದೂ ಹೇಳುವ ಹಾಗಿಲ್ಲ, ಮರ್ಯಾದೆಯ ಪ್ರಶ್ನೆ. ಸೋಮವಾರ ಬ್ಯಾಂಕಿಗೆ ಕಟ್ಟಬೇಕಾದ ಸಂಘದ ಹಣ ಶನಿವಾರ ಮನೆಯಲ್ಲಿದೆ. ‘ಅಡಿಕೆ ಕೊಯ್ಲು ಆದ ಕೂಡಲೇ ತುಂಬಿಬಿಡ್ತೀನಿ, ಇದು ಕಳ್ಳತನ ಅಲ್ಲ, ಒಂದು ವಾರದ ಕೈಗಡ.’ ಆ ಕ್ಷಣದಲ್ಲಿ ಅವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ತುಂಬುವ ಮನಸ್ಸಿದೆ. ಮೊದಲ ಸಲ ತುಂಬಿಯೂ ಬಿಡುತ್ತಾರೆ. ಆಪತ್ತು ಅಲ್ಲೇ. ತುಂಬಿದ ಮೇಲೆ ಆ ವಾಕ್ಯಕ್ಕೆ ಸಾಕ್ಷಿ ದೊರೆತಂತಾಯಿತು, ಎರಡನೆಯ ಸಲಕ್ಕೆ ಯೋಚನೆಯೇ ಬೇಡ. ಐದನೆಯ ಸಲ ಕೊಯ್ಲು ಕೈಕೊಡುತ್ತದೆ. ಆಗಲೂ ಮನಸ್ಸು ಹೇಳುವುದು ‘ಕದ್ದೆ’ ಎಂದಲ್ಲ, ‘ಬಾಕಿ ಇದೆ’ ಎಂದು. ಲೆಕ್ಕ ಪರಿಶೋಧಕರು ಬಂದ ದಿನ ಅವರಿಗೆ ಆಗುವ ಆಘಾತ ಅಭಿನಯವಲ್ಲ. ತನ್ನನ್ನು ಕಳ್ಳ ಎಂದು ಬೇರೆಯವರು ಕರೆಯುವುದನ್ನು ಅವರು ಮೊದಲ ಬಾರಿಗೆ ಕೇಳುತ್ತಿರುತ್ತಾರೆ.

ಕ್ರೆಸ್ಸಿಯ ಪುಸ್ತಕ ಬಂದ ನಾಲ್ಕು ವರ್ಷಕ್ಕೆ, 1957ರಲ್ಲಿ, ಗ್ರೇಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬಿಬ್ಬರು ಪುಂಡ ಹುಡುಗರ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಇನ್ನಷ್ಟು ಬಿಡಿಸಿಟ್ಟರು. ಈ ಹುಡುಗರಿಗೆ ಸಮಾಜದ ನೀತಿ ಗೊತ್ತಿಲ್ಲದೆ ಅಲ್ಲ, ಅದರ ಮೇಲೆ ಗೌರವವೂ ಇದೆ. ಆ ನೀತಿ ‘ಈ ಸಲಕ್ಕೆ, ನನಗೆ’ ಅನ್ವಯಿಸುವುದಿಲ್ಲ ಎಂದು ತೋರಿಸುವ ಕೆಲವು ಮಾತುಗಳನ್ನು ಅವರು ಕಲಿತಿರುತ್ತಾರೆ ಎಂಬುದು ಇವರ ವಾದ. ಯಾರಿಗೂ ನಷ್ಟವಾಗಲಿಲ್ಲವಲ್ಲ. ಅವನಿಗೆ ಹಾಗೇ ಆಗಬೇಕಿತ್ತು. ನಮ್ಮನ್ನು ಕೇಳೋಕೆ ಇವನ್ಯಾರು, ಇವನೇನು ಸಾಚಾನಾ? ಮನೆಯವರಿಗಾಗಿ ಮಾಡಿದ್ದು. ನಾಲೆ ಏರಿಯ ಮೇಲೆ ನಿಂತು ಇವನ್ನು ಕೇಳಿದರೆ ಹೊಸದೇನೂ ಅನ್ನಿಸದು.

ಮುಂದುವರಿಯುವ ಮುನ್ನ ಒಂದು ಮಾತು. ನಮ್ಮ ಸುತ್ತಲಿನ ರಾಜಕಾರಣಿಗಳ ಉದಾಹರಣೆ ನನಗೆ ಸಿಗದೆ ಇಲ್ಲ, ನಿಮಗೂ ನಾಲ್ಕಾರು ನೆನಪಾಗಿರುತ್ತವೆ. ಬೇಕೆಂದೇ ಬಿಟ್ಟಿದ್ದೇನೆ. ಅಪ್ರಾಮಾಣಿಕತೆಯ ಮಾತು ಬಂದೊಡನೆ ರಾಜಕಾರಣಿಯನ್ನು ಎದುರಿಗೆ ನಿಲ್ಲಿಸಿಕೊಂಡರೆ ಉಳಿದ ನಾವೆಲ್ಲ ಒಟ್ಟಿಗೆ ಶುದ್ಧರಾಗಿಬಿಡುತ್ತೇವೆ. ಅದೂ ಒಂದು ನೆವವೇ.

ಸಾಮಾನ್ಯ ಜನ ಎಷ್ಟು ಸುಳ್ಳು ಹೇಳುತ್ತಾರೆ ಎಂದು ಅಳೆಯಲು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಊರ್ಸ್ ಫಿಶ್‌ಬಾಕರ್ ಮತ್ತು ಜೊತೆಗಾರ್ತಿ ಒಂದು ಸರಳ ಉಪಾಯ ಮಾಡಿದರು; ಪ್ರಬಂಧ ಪ್ರಕಟವಾದದ್ದು 2013ರಲ್ಲಿ. ವಿದ್ಯಾರ್ಥಿಗೆ ಒಂದು ದಾಳ ಕೊಡುವುದು. ಒಬ್ಬನೇ ಕೂತು ಎಸೆಯಲಿ, ಬಿದ್ದ ಸಂಖ್ಯೆ ಎಷ್ಟು ಎಂದು ಹೇಳಲಿ, ಒಂದರಿಂದ ಐದರವರೆಗೆ ಅಷ್ಟೇ ಫ್ರಾಂಕ್ ಹಣ, ಆರು ಬಿದ್ದರೆ ಮಾತ್ರ ಏನೂ ಇಲ್ಲ. ಯಾರೂ ನೋಡುವುದಿಲ್ಲ, ಯಾರನ್ನೂ ಹಿಡಿಯಲಾಗುವುದಿಲ್ಲ. ಆದರೆ ನೂರಾರು ಜನ ಎಸೆದರೆ ಪ್ರತಿ ಸಂಖ್ಯೆಯೂ ಆರರಲ್ಲೊಂದು ಪಾಲು, ಅಂದರೆ ಶೇ 17ರ ಆಸುಪಾಸು ಬರಬೇಕು. ಬಂದದ್ದೇನು? ಐದು ಬಿತ್ತು ಎಂದವರು ಶೇ 35, ಆರು ಬಿತ್ತು ಎಂದು ಒಪ್ಪಿಕೊಂಡವರು ಶೇ 6ರಷ್ಟು. ಇದು ನಿರೀಕ್ಷಿತವೇ. ನನಗೆ ಸ್ವಾರಸ್ಯ ಕಂಡದ್ದು ನಾಲ್ಕರಲ್ಲಿ: ಶೇ 27 ಜನ ‘ನಾಲ್ಕು’ ಎಂದಿದ್ದರು. ಸುಳ್ಳು ಹೇಳುವುದೇ ಆದರೆ, ಹಿಡಿಯುವವರೂ ಇಲ್ಲದಿದ್ದರೆ, ಐದೇ ಹೇಳಬಹುದಿತ್ತಲ್ಲ? ನಾಲ್ಕಕ್ಕೆ ಏಕೆ ನಿಲ್ಲಬೇಕು? ಒಂದು ಫ್ರಾಂಕ್ ಬಿಟ್ಟುಕೊಟ್ಟು ಅವರು ಕೊಂಡದ್ದು ‘ನಾನು ಅಷ್ಟೇನೂ ದುರಾಸೆಯವನಲ್ಲ’ ಎಂಬ ಸಮಾಧಾನ. ಅಷ್ಟಿಷ್ಟು ಸುಳ್ಳು ಹೇಳುವ ಈ ಜನರೇ ನಿಮ್ಮ ಪ್ರಶ್ನೆಯ ನಾಯಕರು. ಪೂರ್ತಿ ಕಳ್ಳರೂ ಅಲ್ಲ, ಪೂರ್ತಿ ಸತ್ಯವಂತರೂ ಅಲ್ಲ. ಸುಮಾರು ಐದರಲ್ಲಿ ಇಬ್ಬರು ಪ್ರಾಮಾಣಿಕರಾಗಿಯೇ ಉಳಿದಿದ್ದರು ಎಂಬುದು ಸಂಶೋಧಕರ ಅಂದಾಜು, ಅದನ್ನೂ ಹೇಳಬೇಕು.

ಇಸ್ರೇಲಿನ ಶಾಲ್ ಶಾಲ್ವಿ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೆ ಒಂದು ತಿರುವು ಕೊಟ್ಟರು. ಮೊದಲ ಎಸೆತವನ್ನೇ ಲೆಕ್ಕಕ್ಕೆ ಹಿಡಿಯಬೇಕು, ಆದರೆ ದಾಳ ಸರಿಯಿದೆಯೋ ಎಂದು ನೋಡಲು ಇನ್ನೂ ಒಂದೆರಡು ಬಾರಿ ಎಸೆಯಬಹುದು. ಹಾಗೆ ಎಸೆದವರು ಹೆಚ್ಚು ಸುಳ್ಳು ಹೇಳಿದರು, ಆ ಎರಡು ಮೂರು ಎಸೆತಗಳಲ್ಲಿ ದೊಡ್ಡದು ಯಾವುದೋ ಅದನ್ನು ಹೇಳಿದಂತೆ. ಕಣ್ಣಾರೆ ಕಂಡ ಸಂಖ್ಯೆಯಲ್ಲವೇ? ಪೂರ್ತಿ ಕಲ್ಪನೆಯೇನಲ್ಲವಲ್ಲ! ಗದ್ದೆ ಅಳತೆ ಮಾಡಿಸುವಾಗ, ತೂಕ ಹಾಕುವಾಗ, ‘ಇನ್ನೊಂದ್ಸಲ ನೋಡಿ’ ಎಂದು ನಾವು ಕೇಳುವುದು ಯಾವಾಗ? ಮೊದಲ ಅಳತೆ ನಮಗೆ ನಷ್ಟ ತೋರಿಸಿದಾಗ.

ಇದೇ ದಾಳದಾಟ ನಮ್ಮ ರಾಜ್ಯದಲ್ಲೂ ನಡೆದಿದೆ. ರೆಮಾ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಎಂಬ ಅರ್ಥಶಾಸ್ತ್ರಜ್ಞೆಯರು ಬೆಂಗಳೂರಿನ 669 ಕಾಲೇಜು ವಿದ್ಯಾರ್ಥಿಗಳಿಗೆ 42 ಬಾರಿ ದಾಳ ಎಸೆದು ಬರೆದುಕೊಳ್ಳಲು ಹೇಳಿದರು, ಹೆಚ್ಚು ಮೊತ್ತಕ್ಕೆ ಹೆಚ್ಚು ಹಣ. ಪ್ರಾಮಾಣಿಕವಾಗಿ ಎಸೆದರೆ ನೂರರಲ್ಲಿ ಒಬ್ಬರಿಗೆ ಮಾತ್ರ ಬರಬಹುದಾದಷ್ಟು ಮೊತ್ತವನ್ನು ಸುಮಾರು ಮೂರರಲ್ಲೊಂದು ಪಾಲು ವಿದ್ಯಾರ್ಥಿಗಳು ಬರೆದಿದ್ದರು. ಹೀಗೆ ಹೆಚ್ಚು ಬರೆದುಕೊಂಡವರು ಸರ್ಕಾರಿ ನೌಕರಿ ಬಯಸುವ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಸರ್ಕಾರಿ ನರ್ಸ್‌ಗಳಿಗೂ ಅದೇ ಆಟ ಕೊಟ್ಟು ನೋಡಿದಾಗ, ದಾಳದಲ್ಲಿ ಮೋಸ ಮಾಡಿದವರು ಕೆಲಸಕ್ಕೆ ಸುಳ್ಳು ಹೇಳಿ ಗೈರಾಗುವುದೂ ಹೆಚ್ಚಿತ್ತು. 2017ರಲ್ಲಿ ಇದು ಪ್ರಕಟವಾದಾಗ ಪತ್ರಿಕೆಗಳು ‘ಸರ್ಕಾರಿ ಕೆಲಸ ಬೇಕೆನ್ನುವವರು ಮೋಸಗಾರರು’ ಎಂದು ಸಲೀಸಾಗಿ ಬರೆದವು. ಅಷ್ಟು ದೂರ ಹೋಗುವುದು ಬೇಡ, ವ್ಯತ್ಯಾಸ ಕೆಲವೇ ಶೇಕಡಾಂಶಗಳದು. ಒಂದು ದಾಳ ಇಷ್ಟು ಹೇಳಿತಲ್ಲ ಎಂಬುದಷ್ಟೇ ಸೋಜಿಗ.

ಅಂದ ಹಾಗೆ, ಈ ಶಾಸ್ತ್ರದವರೂ ಇದಕ್ಕೆ ಹೊರತಲ್ಲ. ಘೋಷಣಾ ಪತ್ರದ ಕೆಳಗೆ ಸಹಿ ಮಾಡಿಸುವ ಬದಲು ಮೇಲ್ಭಾಗದಲ್ಲೇ ಮೊದಲು ಸಹಿ ಮಾಡಿಸಿದರೆ ಜನ ಸತ್ಯ ಬರೆಯುತ್ತಾರೆ ಎಂದು 2012ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬಂತು. ಸರ್ಕಾರಗಳು ಕೂಡ ಅದನ್ನು ಕೇಳಿಸಿಕೊಂಡವು. 2021ರಲ್ಲಿ ಅದರಲ್ಲಿದ್ದ ವಾಹನ ವಿಮೆಯ ಅಂಕಿಅಂಶ ಕೃತಕವಾಗಿ ಸೃಷ್ಟಿಸಿದ್ದು ಎಂದು ಬಯಲಾಗಿ ಪ್ರಬಂಧ ಹಿಂತೆಗೆದುಕೊಂಡರು. ಎರಡು ವರ್ಷಕ್ಕೆ ಅದೇ ಪ್ರಬಂಧದ ಇನ್ನೊಂದು ಪ್ರಯೋಗದ ಮೇಲೂ ಅನುಮಾನ ಬಂತು. ಲೇಖಕರಲ್ಲಿ ಒಬ್ಬರಾದ ಫ್ರಾನ್ಸೆಸ್ಕಾ ಜಿನೊ ಅವರ ಕಾಯಂ ಹುದ್ದೆಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯ 2025ರಲ್ಲಿ ರದ್ದುಮಾಡಿತು. ತಾನು ಅಂಕಿ ತಿದ್ದಿಲ್ಲ ಎಂದು ಅವರೂ, ವಿಮೆಯ ಪ್ರಯೋಗದ ಹೊಣೆ ಹೊತ್ತಿದ್ದ ಡ್ಯಾನ್ ಏರಿಯೆಲಿಯೂ ಹೇಳಿದ್ದಾರೆ. ಅಪ್ರಾಮಾಣಿಕತೆಯ ಅಧ್ಯಯನದಲ್ಲೇ ಹೀಗಾಯಿತಲ್ಲ ಎಂದು ಜಗತ್ತು ನಕ್ಕಿತು. ಆ ಬಗೆಯ ‘ಒಂದು ಸಹಿ ಸಾಕು’ ತಂತ್ರಗಳನ್ನು ನಾನು ನಿಮಗೆ ಶಿಫಾರಸು ಮಾಡದಿರುವುದಕ್ಕೆ ಇದೇ ಕಾರಣ.

ಈಗ ನೀರಿಗೆ ಬರೋಣ. ನೀವು ಎತ್ತಿದ ಪ್ರಶ್ನೆಗೆ ಭದ್ರಾ ಅಚ್ಚುಕಟ್ಟಿಗಿಂತ ಒಳ್ಳೆಯ ಪ್ರಯೋಗಶಾಲೆ ಹಣ ಕೊಟ್ಟರೂ ಸಿಗದು.

ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಂಗ್ರಹ ಸುಮಾರು 71.5 ಟಿಎಂಸಿ, ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ್ದು. ಬಲದಂಡೆ ನಾಲೆಯ ನೀರು ಭದ್ರಾವತಿ ದಾಟಿ ಚನ್ನಗಿರಿ ಸೀಮೆಯನ್ನು ಹಾದು ದಾವಣಗೆರೆ, ಮಲೇಬೆನ್ನೂರು, ಹರಿಹರದ ಕಡೆಗೆ ಹೋಗುತ್ತದೆ. ಮೇಲೆ ಅಡಿಕೆ, ಕೆಳಗೆ ಭತ್ತ. ಮೇಲಿನ ತೋಟದವರಿಗೆ ನೀರು ಬೇಕಾದದ್ದು ಬೇಸಿಗೆಯಲ್ಲಿ. ಕೊನೇ ಭಾಗದ ಗದ್ದೆಯವರಿಗೆ ಬೇಕಾದದ್ದು ಬೆಳೆ ಹಾಲುಗಟ್ಟುವವರೆಗೂ ಬಿಡದೆ, ಈಗಲೇ.

2023ರಲ್ಲಿ ಮಳೆ ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ. ಭದ್ರಾ ನೀರಾವರಿ ಸಲಹಾ ಸಮಿತಿ ಮೊದಲು ನಾಲೆಗೆ ನೂರು ದಿನ ನಿರಂತರ ನೀರು ಎಂದಿತು. ಆಮೇಲೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ‘ಆನ್ ಆ್ಯಂಡ್ ಆಫ್’ ಪದ್ಧತಿ ಎಂದಿತು. ಭತ್ತ ನಾಟಿ ಮಾಡಿದ್ದ ದಾವಣಗೆರೆ ಕಡೆಯ ರೈತರು ಬೀದಿಗಿಳಿದರು, ಸೆಪ್ಟೆಂಬರ್ 25ರಂದು ದಾವಣಗೆರೆ ಬಂದ್ ನಡೆಯಿತು. ಶಿವಮೊಗ್ಗ ಕಡೆಯವರು ಬೇಸಿಗೆಗೆ ನೀರು ಉಳಿಸಲೇಬೇಕೆಂದು ಪಟ್ಟು ಹಿಡಿದಿದ್ದರು.

ಎರಡೂ ಕಡೆಯವರ ವಾದ ಕೇಳಿ ನೋಡಿ. ಗದ್ದೆಯವರು: ‘ಯೋಜನೆ ಆಗಿದ್ದು ಆಹಾರದ ಬೆಳೆಗೆ, ಅಡಿಕೆ ಆಮೇಲೆ ಬಂದದ್ದು. ಮೇಲಿನವರು ನಾಲೆಗೆ ಪಂಪ್ ಇಟ್ಟು ಅಚ್ಚುಕಟ್ಟಿನಾಚೆಗೂ ನೀರು ಒಯ್ಯುತ್ತಾರೆ. ಕೊನೇ ಭಾಗ ಒಣಗುವುದು ಅದಕ್ಕೇ.’ ತೋಟದವರು: ‘ಭತ್ತ ಹೋದರೆ ಒಂದು ಬೆಳೆ ಹೋಯಿತು. ಅಡಿಕೆ ಮರ ಒಣಗಿದರೆ ಹತ್ತು ವರ್ಷದ ದುಡಿಮೆ ಹೋಯಿತು. ಯೋಜನೆಯಲ್ಲಿ ಹೇಳಿದ ಬೆಳೆ ಪದ್ಧತಿ ಮೀರಿ ಎರಡೆರಡು ಸಲ ಭತ್ತ ಬೆಳೆಯಿರಿ ಎಂದು ಹೇಳಿದ್ದು ಯಾರು?’ ಇಬ್ಬರೂ ನ್ಯಾಯದ ಮಾತೇ ಆಡುತ್ತಿದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ನ್ಯಾಯದ ಹಲವು ಅಳತೆಗೋಲುಗಳಲ್ಲಿ, ಅಂದರೆ ಯಾರು ಮೊದಲು ಬಂದವರು, ಯಾರಿಗೆ ನಷ್ಟ ಹೆಚ್ಚು, ಯಾರು ನಿಯಮ ಮುರಿದವರು, ಯಾರ ಬೆಳೆ ಊರಿಗೆ ಅನ್ನ ಕೊಡುವುದು ಎಂಬವುಗಳಲ್ಲಿ, ತಮಗೆ ಲಾಭ ತರುವ ಕೋಲನ್ನೇ ಇಬ್ಬರೂ ಎತ್ತಿಕೊಂಡಿದ್ದಾರೆ. ಎತ್ತಿಕೊಂಡದ್ದು ತಮಗೇ ಗೊತ್ತಾಗಿಲ್ಲ. ನಾಳೆ ಗದ್ದೆಯವರು ಅಡಿಕೆ ಹಾಕಿದರೆ (ದಾವಣಗೆರೆ ಕಡೆ ಹಾಕುತ್ತಲೂ ಇದ್ದಾರೆ) ಅವರ ಅಳತೆಗೋಲೂ ಮೆಲ್ಲಗೆ ಬದಲಾಗುತ್ತದೆ.

ಜಗಳೂರಿನವರು ಇದನ್ನು ದೂರದಿಂದ ನೋಡುತ್ತಾರೆ. ಅವರಿಗೆ ಈ ನಾಲೆಯೇ ಇಲ್ಲ. ದೀಟೂರಿನಿಂದ ತುಂಗಭದ್ರೆಯ ನೀರು ಎತ್ತಿ 57 ಕೆರೆ ತುಂಬಿಸುವ ಯೋಜನೆಗೆ ಕಾದರು. ಭದ್ರಾ ಮೇಲ್ದಂಡೆ ಯೋಜನೆಗೆ ಇನ್ನೂ ಕಾಯುತ್ತಿದ್ದಾರೆ. ಅದಕ್ಕೆಂದು 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಜಗಳ ಬೇರೆ. ಜಗಳೂರಿನ ಬರದ ಹೊಲದಲ್ಲಿ ನಿಂತವನಿಗೆ ಚನ್ನಗಿರಿಯವನೂ ಹರಿಹರದವನೂ ಒಂದೇ, ಇಬ್ಬರೂ ಉಂಡು ತೇಗುತ್ತ ಊಟ ಸಾಲದೆನ್ನುವವರು. ಅತ್ತ ಬಲದಂಡೆ ನಾಲೆಯನ್ನು ಅಗೆದು ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ 2025ರ ಜೂನ್‌ನಲ್ಲಿ ಸುದ್ದಿಯಾದಾಗ, ಒಬ್ಬರನ್ನೊಬ್ಬರು ದೂರುತ್ತಿದ್ದ ನಾಲೆಯ ರೈತರೇ ಒಂದಾಗಿ ಬೀದಿಗೆ ಬಂದರು. ಹೊನ್ನಾಳಿಯವರೂ ಇದ್ದರು. ನ್ಯಾಯದ ಗೆರೆ ಒಂದೇ ವಾರದಲ್ಲಿ ಜಾಗ ಬದಲಿಸಿತು.

ಇದಕ್ಕೆ ಸರಿಸಾಟಿಯಾದ ಪ್ರಯೋಗ ಒಂದಿದೆ. ಲಿಂಡಾ ಬ್ಯಾಬ್‌ಕಾಕ್, ಜಾರ್ಜ್ ಲೋವನ್‌ಸ್ಟೈನ್ ಮತ್ತು ಸಂಗಡಿಗರು ಟೆಕ್ಸಾಸಿನಲ್ಲಿ ನಡೆದ ಒಂದು ಮೋಟಾರ್‌ಸೈಕಲ್ ಅಪಘಾತದ ನಿಜವಾದ ಮೊಕದ್ದಮೆಯ ಕಾಗದಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಒಬ್ಬ ಗಾಯಗೊಂಡವನ ಕಡೆ, ಇನ್ನೊಬ್ಬ ಕಾರಿನವನ ಕಡೆ. ಪರಿಹಾರದ ಬೇಡಿಕೆ ಒಂದು ಲಕ್ಷ ಡಾಲರ್. ಇಬ್ಬರೂ ಮಾತಾಡಿ ರಾಜಿಯಾಗಬೇಕು, ಆಗದಿದ್ದರೆ ನ್ಯಾಯಾಧೀಶರು ಹೇಳಿದ್ದೇ ಅಂತಿಮ, ಇಬ್ಬರಿಗೂ ವ್ಯಾಜ್ಯದ ಖರ್ಚು. ರಾಜಿಗೆ ಮುಂಚೆ, ನ್ಯಾಯಾಧೀಶರು ಎಷ್ಟು ಕೊಡಿಸಬಹುದು ಎಂದು ಊಹಿಸಬೇಕು, ಊಹೆ ಸರಿಯಾದರೆ ಬಹುಮಾನ. ಅಂದರೆ ಇಲ್ಲಿ ನಟನೆಗೆ ಲಾಭವಿಲ್ಲ, ನಿಷ್ಪಕ್ಷವಾಗಿ ಯೋಚಿಸಿದರೇ ಹಣ. ಆದರೂ, ಓದಿದ ಕಾಗದ ಅಕ್ಷರಕ್ಷರ ಒಂದೇ ಆಗಿದ್ದರೂ, ಗಾಯಾಳುವಿನ ಕಡೆಯವರ ಊಹೆ ಎದುರಾಳಿಗಳ ಊಹೆಗಿಂತ ಸಾವಿರಾರು ಡಾಲರ್ ಮೇಲಿತ್ತು. ಅಂತರ ಹೆಚ್ಚಿದ್ದ ಜೋಡಿಗಳು ರಾಜಿಯಾಗಲಿಲ್ಲ, ಖರ್ಚು ತೆತ್ತು ಇಬ್ಬರೂ ಸೋತರು.

ಆಮೇಲೆ ಅವರು ಒಂದೇ ಒಂದು ಅಂಶ ಬದಲಿಸಿದರು. ನೀನು ಯಾರ ಕಡೆ ಎಂಬುದನ್ನು ಕಾಗದ ಓದುವ ಮುಂಚೆ ಹೇಳದೆ, ಓದಿಯಾದ ಮೇಲೆ ಹೇಳಿದರು. ಮೊದಲಿನ ಕ್ರಮದಲ್ಲಿ ಶೇ 28 ಜೋಡಿಗಳು ರಾಜಿಗೆ ತಪ್ಪಿದ್ದವು. ಈಗ ತಪ್ಪಿದ್ದು ಶೇ 6 ಮಾತ್ರ. ಅಂದರೆ ಪಕ್ಷಪಾತ ನುಸುಳಿದ್ದು ವಾದ ಮಾಡುವಾಗ ಅಲ್ಲ, ಓದುವಾಗ. ತನ್ನ ಕಡೆ ಗೊತ್ತಿರುವವನು ಕಾಗದದಲ್ಲಿ ತನಗೆ ಬೇಕಾದ ಸಾಲನ್ನು ನೆನಪಿಡುತ್ತಾನೆ, ಬೇಡದ ಸಾಲಿನ ಮೇಲೆ ಕಣ್ಣು ಜಾರಿಸುತ್ತಾನೆ. ಆಮೇಲೆ ಅವನನ್ನು ಕರೆದು ‘ಆತ್ಮಸಾಕ್ಷಿಯಿಂದ ಹೇಳು’ ಎಂದರೆ ಅವನು ಆತ್ಮಸಾಕ್ಷಿಯಿಂದಲೇ ಹೇಳುತ್ತಾನೆ. ಸಾಕ್ಷಿಯೇ ತಿದ್ದುಪಡಿಯಾಗಿದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ತಪ್ಪು ಎಂದು ಅವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ, ಪಂಪ್ ಇಡುವುದು ತಪ್ಪು, ಕೆರೆ ಒತ್ತುವುದು ತಪ್ಪು ಎಂದು. ತಾವು ಮಾಡುತ್ತಿರುವುದು ‘ಅದು’ ಎಂದು ಗೊತ್ತಿರುವುದಿಲ್ಲ. ಆರು ಸಾವಿರ ಎಕರೆಗೂ ಹಿರಿದಾದ ಸೂಳೆಕೆರೆಯ ಅಂಚಿನಲ್ಲಿ ಗುದ್ದಲಿ ಹಾಕಿದವನನ್ನು ಕೇಳಿ: ಕೆರೆ ಒತ್ತುವರಿ ಆಗಬಾರದು ಎಂದು ಅವನೂ ಹೇಳುತ್ತಾನೆ. ತನ್ನದು ಒತ್ತುವರಿ ಅಲ್ಲ, ‘ಅಜ್ಜನ ಕಾಲದಿಂದ ಉಳುಮೆ ಮಾಡಿದ್ದು’. ಪಕ್ಕದವನದ್ದು ಒತ್ತುವರಿ.

ಶಿಕ್ಷೆ ಜಾಸ್ತಿ ಮಾಡಿದರೆ ಸರಿಹೋಗುತ್ತದೆಯೇ ಎಂದು ಮುಂದಿನ ಪ್ರಶ್ನೆ ಬರಬಹುದು. ನಾಲೆಗೆ ಕನ್ನ ಹಾಕುವವರಿಗೆ ಶಿಕ್ಷೆ ಹೆಚ್ಚಿಸಿ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದಿದ್ದಾರೆ. ಶಿಕ್ಷೆಯ ಅಳತೆಗಿಂತ ಕಣ್ಣಿಗೆ ಬೀಳುತ್ತೇವೆ ಎಂಬ ಖಚಿತತೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿ ನೋಡಿ. 2023ರಲ್ಲಿ ಶೇ 83.89 ಫಲಿತಾಂಶ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಹಾಕಿದರು. ಕೃಪಾಂಕವನ್ನು ದುಪ್ಪಟ್ಟು ಮಾಡಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಇಳಿತಕ್ಕೆಲ್ಲ ನಕಲೇ ಕಾರಣ ಎನ್ನಲಾಗದು, ಆದರೆ ಒಂದು ಕ್ಯಾಮೆರಾ ‘ಮಕ್ಕಳ ಭವಿಷ್ಯಕ್ಕಾಗಿ’ ಎಂಬ ಬಹಳ ಗಟ್ಟಿಯಾದ ನೆವವನ್ನು ಅಲುಗಿಸಿತು. ಹಿಂದೆ ಆ ಕೊಠಡಿಗಳಲ್ಲಿ ಕಣ್ಣು ಮುಚ್ಚಿಕೊಂಡ ಶಿಕ್ಷಕರು ಯಾರೂ ತಮ್ಮನ್ನು ಮೋಸಗಾರರು ಎಂದುಕೊಂಡಿರಲಿಲ್ಲ, ದಯೆಯುಳ್ಳವರು ಎಂದುಕೊಂಡಿದ್ದರು.

ತಿಳಿವಳಿಕೆ ಕೊಟ್ಟರೆ? ಇಲ್ಲಿ ಬ್ಯಾಬ್‌ಕಾಕ್ ತಂಡ ಕಂಡದ್ದು ತಮಾಷೆಯಾಗಿದೆ. ‘ಜನರಿಗೆ ತಮ್ಮ ಕಡೆಗೆ ವಾಲುವ ಚಾಳಿ ಇದೆ’ ಎಂದು ವಿದ್ಯಾರ್ಥಿಗಳಿಗೆ ಮೊದಲೇ ವಿವರಿಸಿ ನೋಡಿದರು. ಎಲ್ಲರೂ ತಲೆದೂಗಿದರು, ಎದುರಾಳಿಗೆ ಆ ಚಾಳಿ ಖಂಡಿತ ಇದೆ ಎಂದುಕೊಂಡರು, ತಮ್ಮ ಊಹೆಯನ್ನು ಒಂದಿಷ್ಟೂ ಬದಲಿಸಲಿಲ್ಲ. ಈ ಉತ್ತರವನ್ನು ಓದುತ್ತಿರುವಾಗ ನಿಮಗೆ ಯಾರ ಮುಖ ನೆನಪಾಯಿತು ಎಂದು ನಾನು ಕೇಳುವುದಿಲ್ಲ. ಕೆಲಸಕ್ಕೆ ಬಂದದ್ದು ಇನ್ನೊಂದು ಉಪಾಯ: ನಿನ್ನ ವಾದದಲ್ಲಿ ಎಲ್ಲೆಲ್ಲಿ ತೂತಿದೆ, ಪಟ್ಟಿ ಮಾಡು ಎಂದು ಮೊದಲೇ ಬರೆಸಿದ್ದು. ಬರೆದವರು ಬೇಗ ರಾಜಿಯಾದರು.

ಭದ್ರಾ ನೀರಿನ ವಿಷಯದಲ್ಲಿ ಇದನ್ನು ಹೇಗೆ ಬಳಸಬಹುದು? ಸಲಹಾ ಸಮಿತಿ ಸಭೆ ಸೇರುವ ಹೊತ್ತಿಗೆ ಜಲಾಶಯದಲ್ಲಿ ಎಷ್ಟಡಿ ನೀರಿದೆ, ಯಾರ ಹೊಲದಲ್ಲಿ ಏನಿದೆ ಎಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ಪ್ರತಿಯೊಬ್ಬರೂ ಯಾರ ಕಡೆ ಎಂದು ತಿಳಿದುಕೊಂಡೇ ಕಾಗದ ಓದಲು ಕೂತಂತೆ. ಕೊರತೆಯ ವರ್ಷದ ಸೂತ್ರವನ್ನು ಕೊರತೆಯ ವರ್ಷದಲ್ಲಿ ಮಾಡಹೊರಟರೆ ಸಭೆ ಮುಗಿಯುವುದು ಬಂದ್‌ನಲ್ಲೇ. ಜಲಾಶಯ 186 ಅಡಿ ಮುಟ್ಟಿ ಕ್ರಸ್ಟ್ ಗೇಟ್ ತೆರೆದ ವರ್ಷ, ಯಾರ ಗಂಟಲೂ ಒಣಗಿಲ್ಲದ ತಿಂಗಳಲ್ಲಿ, ಆಗಸ್ಟ್ ಮೊದಲ ವಾರಕ್ಕೆ ಮಟ್ಟ ಇಷ್ಟಿದ್ದರೆ ಇಷ್ಟು ದಿನ, ಅದಕ್ಕಿಂತ ಕಡಿಮೆಯಿದ್ದರೆ ಇಂತಿಷ್ಟು ದಿನ ಬಿಟ್ಟು ಇಂತಿಷ್ಟು ದಿನ ನಿಲುಗಡೆ, ಕುಡಿಯುವ ನೀರಿಗೆ ಇಷ್ಟು ಮೀಸಲು ಎಂದು ಬರೆದು, ಮೇಲಿನವರು ಕೆಳಗಿನವರು ಇಬ್ಬರಿಂದಲೂ ಸಹಿ ಹಾಕಿಸಿಡಬಹುದು. ಅಂಥ ವರ್ಷದಲ್ಲಿ ಮಾತ್ರ ಸಭೆಗೆ ಯಾರೂ ಬರುವುದಿಲ್ಲ ಎನ್ನುವುದೊಂದು ತೊಡಕು. ಅದಕ್ಕೆ ಮಲವಗೊಪ್ಪದ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯವರು ಊಟದ ವ್ಯವಸ್ಥೆ ಮಾಡಿ ಕರೆಯಬೇಕಾದೀತು.